ಸಂಕ ದಾಟುವಾಗ ಸೈಕಲ್ ಹೆಗಲ ಮೇಲೆ

(ಅಪ್ಪನ ಕಾಲದಿಂದ ಶಿರಸಿಯಲ್ಲಿ ಸೈಕಲ್ ರಿಪೇರಿ ಅಂಗಡಿ ನಡೆಸಿಕೊಂಡು ಬಂದಿರುವ ನಮ್ಮ ಅಂಕಣಕಾರ್ತಿ ಈ ಸಲ ಕಾಡುದಾರಿಯ ಸವಾರಿ ಬಗ್ಗೆ ಬಂದ ಪತ್ರಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ನಾವು ಮೂವರು ಗೆಳೆಯರು ಡಿಸೆಂಬರಿನಲ್ಲಿ ಗ್ರಾವೆಲ್ ಬೈಕ್‌ನಲ್ಲಿ (ಮಣ್ಣುದಾರಿಗೆಂದೇ ಮಾಡಿದ ಗೇರಿನ ಸೈಕಲ್) ಶಿರಸಿಯಿಂದ ಸಮುದ್ರಕ್ಕೆ ಇಳಿಯಬೇಕೆಂದಿದ್ದೇವೆ. ಡಾಂಬರು ಆದಷ್ಟು ಕಡಿಮೆ ಇರಲಿ. ಮೊಬೈಲ್ ಮ್ಯಾಪಿನಲ್ಲಿ ಕಾಡಿನೊಳಗೆ ಬೇಕಾದಷ್ಟು ದಾರಿ ಕಾಣುತ್ತಿವೆ. ಯಾವುದು ಒಳ್ಳೆಯದು?
– ಬೆಂಗಳೂರಿನ ಓದುಗರು

ಉತ್ತರ: ಆ ಸಣ್ಣ ಗೆರೆಗಳಲ್ಲಿ ಸುಮಾರು ಗೆರೆಗಳು ಬೆಟ್ಟದ ದಾರಿ. ನಮ್ಮ ಕಡೆ ಬೆಟ್ಟ ಅಂದರೆ ಬರೀ ಗುಡ್ಡ ಅಲ್ಲ, ಅಡಿಕೆ ತೋಟಕ್ಕೆ ಸೊಪ್ಪು-ದರಕು (ಉದುರಿದ ಒಣ ಎಲೆ) ತರಲು ಬಿಟ್ಟುಕೊಟ್ಟ ಕಾಡು. ಎಕರೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ ಅನ್ನುವುದು ಬ್ರಿಟಿಷರ ಕಾಲದ ಲೆಕ್ಕ. ದರಕು ಹೇರಲು ಹಿಂದೆ ಎತ್ತಿನಗಾಡಿ, ಈಗ ಪಿಕಪ್ಪು ಓಡಾಡಿ ಬಿದ್ದ ಜಾಡು ಅದು. ಅದಕ್ಕೆ ಇನ್ನೊಂದು ತುದಿ ಇರಲೇಬೇಕು ಅಂತ ಏನೂ ಇಲ್ಲ. ದರಕು ಸಿಗುವಲ್ಲಿ ಮುಗಿಯುತ್ತದೆ, ಇಲ್ಲವೇ ಹಳ್ಳದ ದಂಡೆಗೆ ಬಂದು ನಿಲ್ಲುತ್ತದೆ. ಮ್ಯಾಪು ಮಾತ್ರ ಆಚೆ ದಂಡೆಯ ಜಾಡಿಗೂ ಈಚೆಯದಕ್ಕೂ ಗಂಟು ಹಾಕಿ ಕೂತಿರುತ್ತದೆ.

ಹಾಗಾಗಿ ದಾರಿ ಯಾವುದು ಅಂತ ಕೇಳುವ ಮೊದಲು ಹಳ್ಳಕ್ಕೆ ಸಂಕ, ಅಂದರೆ ಕಿರುಸೇತುವೆ, ಇದೆಯಾ ಅಂತ ಕೇಳಿ. ಮಳೆಗಾಲಕ್ಕೆ ಮುಂಚೆ ಊರವರು ಅಡಿಕೆ ಮರ ಸೀಳಿದ ದಬ್ಬೆ ಹಾಸಿ ಕಾಲುಸಂಕ ಕಟ್ಟುತ್ತಾರೆ. ಡಿಸೆಂಬರಿನ ಹೊತ್ತಿಗೆ ಆ ದಬ್ಬೆ ಕೊಳೆತು ಲಡ್ಡಾಗಿರುತ್ತದೆ. ಮನುಷ್ಯರು ಹೇಗೋ ದಾಟಿಯಾರು, ಸೈಕಲ್ ಹತ್ತಿ ದಾಟುವ ಧೈರ್ಯ ಬೇಡ. ನಾನು ಮಾಡಿದ್ದೇನೆ, ಅದಕ್ಕೇ ಹೇಳುತ್ತಿರುವುದು. ಬಿದ್ದ ಏಟಿಗೆ ನನ್ನ ಸೈಕಲ್ಲಿನ ಹಿಂದಿನ ಗೇರು ನೇತಾಡುವ ಹ್ಯಾಂಗರ್ ತುಂಡಾಯಿತು. ಚೈನು ಕತ್ತರಿಸಿ ಗಿಡ್ಡ ಮಾಡಿ, ಒಂದೇ ಗೇರಿಗೆ ಹಾಕಿಕೊಂಡು ರಾತ್ರಿ ಎಂಟಕ್ಕೆ ಮನೆ ಸೇರಿದೆ. ಸಾವಿರಗಟ್ಟಲೆ ಸೈಕಲ್ ಬಿಚ್ಚಿದ ಕೈಗೇ ಆ ಗತಿ. ಆದ್ದರಿಂದ ನಿಮ್ಮ ನಿಮ್ಮ ಸೈಕಲ್ಲಿನ ಹ್ಯಾಂಗರ್ ಒಂದೊಂದು ಜೇಬಿನಲ್ಲಿರಲಿ, ಚೈನ್ ಕಟರ್ ಒಬ್ಬರ ಹತ್ತಿರ ಇದ್ದರೂ ಸಾಕು. ಹ್ಯಾಂಗರು ಒಂದೊಂದು ಕಂಪನಿಗೆ ಒಂದೊಂದು ನಮೂನೆ, ನನ್ನ ಅಂಗಡಿಯಲ್ಲಿ ಹುಡುಕಿದರೆ ಸಿಗುವುದಿಲ್ಲ.

ಇನ್ನು ದಾರಿ. ಮೊದಲ ದಿನ ಸಮುದ್ರದ ಕಡೆ ತಿರುಗಲೇಬೇಡಿ. ಶಿರಸಿಯಿಂದ ಶಾಲ್ಮಲಾ ದಂಡೆಯ ಸಹಸ್ರಲಿಂಗಕ್ಕೆ ಹೋಗಿ. ಸೋದೆ ಅರಸರ ಕಾಲದ ಲಿಂಗಗಳು ಹೊಳೆಯ ಬಂಡೆಗಳ ಮೇಲಿವೆ, ನೀರು ಇಳಿದಿದ್ದರೆ ಸಾಲಾಗಿ ಕಾಣುತ್ತವೆ. ಅಲ್ಲಿಂದ ಸೋಂದಾ, ಸೋಂದಾದಲ್ಲಿ ಮುಂಡಿಗೆಕೆರೆ. ಬೆಳ್ಳಕ್ಕಿಗಳು ಮಳೆಗಾಲದಲ್ಲಿ ಬಂದು ಕೆರೆಯೊಳಗಿನ ಮುಂಡಿಗೆ ಪೊದೆಗಳ ಮೇಲೇ ಗೂಡು ಕಟ್ಟುತ್ತವೆ. ನೀವು ಬರುವಾಗ ಸಂಸಾರ ಮುಗಿಸಿ ಹೊರಟಿರುತ್ತವೆ, ಆದರೂ ಕೆರೆ ನೋಡಿ. ಸಂಜೆ ಶಿರಸಿಗೆ ವಾಪಸ್ಸು. ಈ ಸುತ್ತಿನಲ್ಲಿ ಗರಸು (ಜಲ್ಲಿಮಣ್ಣು), ಕೆಂಪು ಧೂಳು, ದರಕು ಮುಚ್ಚಿದ ಜಾಡು ಎಲ್ಲದರ ರುಚಿ ಸಿಗುತ್ತದೆ. ದರಕಿನ ಮೇಲೆ ಜೋಪಾನ. ಮೇಲೆ ಹಾಸಿಗೆಯ ಹಾಗೆ ಕಾಣುತ್ತದೆ, ಅಡಿಯಲ್ಲಿ ಚಿರೆಕಲ್ಲಿನ ಮೂಲೆ ಕಾದಿರುತ್ತದೆ. ಮೂವರಲ್ಲಿ ಯಾರ ಟೈರಿನಲ್ಲಿ ಗಾಳಿ ಜಾಸ್ತಿ, ಯಾರ ಮಂಡಿಯಲ್ಲಿ ಬಲ ಕಡಿಮೆ ಅನ್ನುವುದೂ ಅವತ್ತೇ ಗೊತ್ತಾಗುತ್ತದೆ.

ಎರಡನೆಯ ದಿನ ಯಾಣ. ಭೈರವೇಶ್ವರ ಶಿಖರ, ಮೋಹಿನಿ ಶಿಖರದ ಫೋಟೋ ನೀವು ನೋಡಿರುತ್ತೀರಿ, ನಾನು ವರ್ಣಿಸುವುದಿಲ್ಲ. ಆ ಕಡೆ ಹೋಂಸ್ಟೇಗಳಿವೆ, ಮೊದಲೇ ಫೋನು ಮಾಡಿ. ಮೂರನೆಯ ದಿನ ಬೆಳಿಗ್ಗೆ ವಡ್ಡಿ ಘಟ್ಟ ಇಳಿದು ಅಚವೆ ಕಡೆ ಹೊರಬೀಳಿ. ವಾಹನ ಓಡಾಡುವ ರಸ್ತೆ, ಆದರೆ ಇಕ್ಕಟ್ಟು, ಕಡಿದಾದ ತಿರುವು. ಬ್ರೇಕು ಒತ್ತಿಕೊಂಡೇ ಇಳಿಯಬೇಡಿ. ಗಟ್ಟಿಯಾಗಿ ಒತ್ತಿ, ಪೂರ್ತಿ ಬಿಡಿ, ಮತ್ತೆ ಒತ್ತಿ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಷ್ಟನ್ನೂ ಡಿಸ್ಕ್ ಬಿಸಿ ಮಾಡಿಕೊಂಡೇ ಇಳಿದವರ ಪ್ಯಾಡು ಬದಲಿಸುವ ಕೆಲಸ ನನಗೆ ಆಗಾಗ ಬರುತ್ತದೆ.

ಕೆಳಗೆ ಮಾದನಗೇರಿ ತಿರುವಿನಿಂದ ಗೋಕರ್ಣ, ಅಲ್ಲಿಂದ ಸಾಣಿಕಟ್ಟಾದ ಉಪ್ಪಿನ ಆಗರ ನೋಡಿಕೊಂಡು ತದಡಿ. ತದಡಿಯಲ್ಲಿ ದೋಣಿ ಹತ್ತಿ. ಮೋಟರ್ ಬೈಕನ್ನೇ ಹೇರಿಕೊಳ್ಳುವವರಿಗೆ ನಿಮ್ಮ ಸೈಕಲ್ ಯಾವ ಲೆಕ್ಕ! ಕೊನೆಯ ದೋಣಿ ಎಷ್ಟು ಹೊತ್ತಿಗೆ ಅಂತ ಮಾತ್ರ ಹಗಲಲ್ಲೇ ಕೇಳಿಟ್ಟುಕೊಳ್ಳಿ. ಆಚೆ ದಡ ಅಘನಾಶಿನಿ ಊರು, ಮುಂದೆ ಕಾಗಾಲ, ಬಾಡ, ಕುಮಟಾ. ಕುಮಟಾದಲ್ಲಿ ಕೊಂಕಣ ರೈಲ್ವೆ ಸ್ಟೇಶನ್ ಇದೆ. ನೀವು ದೋಣಿಯಲ್ಲಿ ದಾಟುವ ಆ ಅಗಲದ ಅಳಿವೆ ಇದೆಯಲ್ಲ, ಅದು ಅಘನಾಶಿನಿ ಹೊಳೆಯದು, ಆ ಹೊಳೆಯ ಹುಟ್ಟು ನಮ್ಮ ಶಿರಸಿ ಪೇಟೆಯ ಶಂಕರಹೊಂಡ. ನಡುವೆ ಎಲ್ಲೂ ಅಣೆಕಟ್ಟಿಲ್ಲದೆ ಬಂದ ಹೊಳೆ. 2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ಇಳಿತದ ಹೊತ್ತಾದರೆ ಬಳಚು (ತಿನ್ನುವ ಚಿಪ್ಪುಜೀವಿ) ಆರಿಸುವವರು ಸೊಂಟಮಟ್ಟ ನೀರಿನಲ್ಲಿ ನಿಂತಿರುತ್ತಾರೆ. ಹೊರಡುವ ದಿನ ಬೆಳಿಗ್ಗೆ ಶಂಕರಹೊಂಡ ಒಮ್ಮೆ ನೋಡಿಕೊಂಡು ಹೊರಡಿ, ದೋಣಿಯಲ್ಲಿ ನೆನಪಾಗುತ್ತದೆ.

ಪ್ರಶ್ನೆ: ಅಕ್ಕಾ, ಗ್ರಾವೆಲ್ ಬೈಕ್ ಕೊಳ್ಳುವಷ್ಟು ದುಡ್ಡಿಲ್ಲ. ಅಜ್ಜನ ಹಳೇ ರಾಡ್ ಬ್ರೇಕ್ ಸೈಕಲ್ ಇದೆ. ಮಣ್ಣುದಾರಿಗೆ ನಡೆಯುತ್ತದಾ?
– ಕಾಲೇಜು ವಿದ್ಯಾರ್ಥಿ, ಕುಮಟಾ

ಉತ್ತರ: ತಮ್ಮಾ, ಅಜ್ಜನ ಸೈಕಲ್ಲಿನ ಟೈರಿನ ಮೇಲೆ 28 × 1½ ಅಂತ ಬರೆದಿರುತ್ತದೆ, ಧೂಳು ಒರೆಸಿ ನೋಡು. ಅಂದರೆ ಹತ್ತಿರ ಹತ್ತಿರ 40 ಮಿ.ಮೀ. ದಪ್ಪ. ಲಕ್ಷ ರೂಪಾಯಿಯ ಗ್ರಾವೆಲ್ ಬೈಕಿಗೆ ಹಾಕುವುದೂ 38ರಿಂದ 45 ಮಿ.ಮೀ. ಟೈರೇ. ನಮ್ಮ ಅಪ್ಪ ಅದರ ಕ್ಯಾರಿಯರ್‌ಗೆ ಅರ್ಧ ಮೂಟೆ ಅಕ್ಕಿ ಕಟ್ಟಿಕೊಂಡು ಇದೇ ಗರಸಿನಲ್ಲಿ ಓಡಾಡಿದವರು. ಆಗ ಅದಕ್ಕೆ ಇಂಗ್ಲಿಷ್ ಹೆಸರಿರಲಿಲ್ಲ ಅಷ್ಟೇ.

ವ್ಯತ್ಯಾಸ ಇರುವುದು ಏರಿನಲ್ಲಿ ಮತ್ತು ಇಳಿಜಾರಿನಲ್ಲಿ. ಅಜ್ಜನದಕ್ಕೆ ಒಂದೇ ಗೇರು, ಪೆಡಲ್ ಒಂದು ಸುತ್ತು ಹಾಕಿದರೆ ಚಕ್ರ ಎರಡು ಸುತ್ತಿಗಿಂತ ಜಾಸ್ತಿ ತಿರುಗುತ್ತದೆ. ಗ್ರಾವೆಲ್ ಬೈಕಿನ ಸಣ್ಣ ಗೇರಿನಲ್ಲಿ ಸುತ್ತಿಗೆ ಸುತ್ತು. ಹಾಗಾಗಿ ಘಟ್ಟದಲ್ಲಿ ನೀನು ಇಳಿದು ತಳ್ಳುತ್ತೀ, ಅದೇನು ನಾಚಿಕೆಯ ವಿಷಯವಲ್ಲ. ಆದರೆ ರಾಡ್ ಬ್ರೇಕಿನಲ್ಲಿ ಘಟ್ಟ ಇಳಿಯಲು ನಾನು ಒಪ್ಪುವುದಿಲ್ಲ, ರಿಮ್ಮು ಒದ್ದೆಯಾದರೆ ಹಿಡಿಯುವುದೇ ಇಲ್ಲ. ಬಾಡ, ಕಾಗಾಲದ ಗಜನಿ (ಉಪ್ಪುನೀರಿನ ಗದ್ದೆ) ಏರಿಗಳ ಮೇಲೆ ಹೊಡೆ, ಚಪ್ಪಟೆ ನೆಲ. ಮೊದಲು ಕಡ್ಡಿ ಬಿಗಿ ಮಾಡಿಸು, ಬ್ರೇಕಿನ ರಬ್ಬರು ಹೊಸದು ಹಾಕಿಸು. ಉಪ್ಪುನೀರಿನ ಗಾಳಿಗೆ ಚೈನು ಬೇಗ ತುಕ್ಕು ಹಿಡಿಯುತ್ತದೆ, ಎಣ್ಣೆ ಮರೆಯಬೇಡ.

ಪ್ರಶ್ನೆ: ಕಾಡಿನಲ್ಲಿ ಉಂಬಳದ (ಜಿಗಣೆಯ) ಕಾಟಕ್ಕೆ ಏನು ಮಾಡುವುದು?
– ಹುಬ್ಬಳ್ಳಿಯ ಓದುಗರು

ಉತ್ತರ: ಕಾಲಿಗೆ ಸುಣ್ಣ, ನಶ್ಯ, ಸೋಪು, ಯಾವುದಾದರೂ ಹಚ್ಚಿ. ಕಚ್ಚಿದರೂ ರಕ್ತ ಹೋಗುತ್ತದೆ, ತುರಿಸುತ್ತದೆ, ಮುಗಿಯಿತು. ನಾನು ಹೆದರುವುದು ಉಣುಗಿಗೆ, ಅಂದರೆ ಉಣ್ಣೆ ಹುಳಕ್ಕೆ. ಡಿಸೆಂಬರಿನಿಂದ ಮೇ ತನಕ, ಅಂದರೆ ನಿಮ್ಮ ಸವಾರಿಯ ಕಾಲದಲ್ಲೇ, ಸಿದ್ದಾಪುರದ ಕಡೆ ಮಂಗನ ಕಾಯಿಲೆಯ ಭಯ ಇರುತ್ತದೆ. ಅದನ್ನು ಹರಡುವುದು ಉಣುಗು. ದರಕಿನ ಮೇಲೆ ಕೂತು ಬುತ್ತಿ ಬಿಚ್ಚಬೇಡಿ. ಆರೋಗ್ಯ ಇಲಾಖೆಯವರು ಉಣುಗು ಹತ್ತದಂತೆ ಡೆಪಾ ತೈಲ ಹಂಚುತ್ತಾರೆ, ಸಿಕ್ಕರೆ ಹಚ್ಚಿಕೊಳ್ಳಿ. ಮನೆಗೆ ಹೋದ ಕೂಡಲೇ ಬಟ್ಟೆ ಬಿಸಿನೀರಿಗೆ. ಮಂಗ ಸತ್ತುಬಿದ್ದದ್ದು ಕಂಡರೆ ಹತ್ತಿರ ಹೋಗದೆ ಹತ್ತಿರದ ಮನೆಯವರಿಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳುವುದನ್ನು ಮರೆಯಬೇಡಿ.

ಪ್ರಶ್ನೆ: ಕಾರವಾರದಿಂದ ಕದ್ರಾ, ಅಣಶಿ ಮೇಲೆ ಜೋಯಿಡಾಕ್ಕೆ ಹೋಗುವಾಗ ಒಳದಾರಿ ಹಿಡಿಯಬಹುದೇ?
– ಕಾರವಾರದ ಓದುಗರು

ಉತ್ತರ: ಬೇಡ. ಅದು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಹಗಲಲ್ಲಿ ಡಾಂಬರು ರಸ್ತೆ ಬಿಡದೆ ಹೋಗಿ, ಒಳದಾರಿಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಚಕ್ರ ಇಡಬೇಡಿ. ಕೆರೆ, ಕಾಡು ಎರಡೂ ಬೇಕಾದರೆ ಯಲ್ಲಾಪುರಕ್ಕೆ ಬನ್ನಿ. ಮಾಗೋಡು ಜಲಪಾತಕ್ಕೆ ಹೋಗುವಾಗ ಕವಡಿಕೆರೆ ಸಿಗುತ್ತದೆ. ಜೇನುಕಲ್ಲು ಗುಡ್ಡದಲ್ಲಿ ಸೂರ್ಯಾಸ್ತ ನೋಡಿಕೊಂಡು ಬರುವುದಾದರೆ ದೀಪ ಇಟ್ಟುಕೊಳ್ಳಿ.

ಪ್ರಶ್ನೆ: ಅಕ್ಕಾ, ನಾನು ಸೈಕಲ್ ಹೊಡೆಯುವವಳಲ್ಲ. ನಮ್ಮ ಮನೆ ಅಂಗಳದ ಮೇಲೇ ಸೈಕಲ್ಲಿನವರು ಹಾದುಹೋಗುತ್ತಾರೆ. ಹೋದ ತಿಂಗಳು ದಣಪೆ ತೆಗೆದವರು ಹಾಕದೆ ಹೋದರು. ದನ ನುಗ್ಗಿ ಬಾಳೆಸಸಿ ಎಲ್ಲ ಹೋಯಿತು. ಇವರಿಗೆ ಯಾರು ಹೇಳುವುದು?
– ಸಿದ್ದಾಪುರ ತಾಲೂಕಿನ ಓದುಗರು

ಉತ್ತರ: ನಾನೇ ಹೇಳುತ್ತೇನೆ ತಂಗೀ, ಬೆಂಗಳೂರಿನ ಆ ಮೂವರೂ ಕೇಳಿಸಿಕೊಳ್ಳಲಿ. ದಾರಿಗೆ ಅಡ್ಡ ಗಳ ಹಾಕಿದ್ದು ಕಂಡರೆ ಅದು ದಣಪೆ. ಇಳಿದು ಗಳ ಸರಿಸಿ, ದಾಟಿ, ಮತ್ತೆ ಮೊದಲಿನ ಹಾಗೆ ಹಾಕಬೇಕು. ಮುಂದಿನವನು ತೆಗೆದ, ಹಿಂದಿನವನು ಹಾಕುತ್ತಾನೆ ಅಂತ ಹೋಗುವುದಲ್ಲ, ಮೂವರಲ್ಲಿ ಕೊನೆಯವನು ಯಾರು ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಅಂಗಳ ಬಂದರೆ ಇಳಿದು ತಳ್ಳಿಕೊಂಡು ಹೋಗಿ, ಜಗಲಿಯಲ್ಲಿ ಯಾರಿದ್ದರೂ ಮಾತಾಡಿಸಿ. ಹಳ್ಳಕ್ಕೆ ಸಂಕ ಇದೆಯೋ ಇಲ್ಲವೋ ಗೊತ್ತಿರುವುದು ಅವರಿಗೇ.

ಬಾಳೆಸಸಿ ಎಷ್ಟು ಹೋಯಿತು ಅಂತ ನೀವು ಬರೆದಿಲ್ಲ. ನಮ್ಮ ಹಿತ್ತಲಲ್ಲಿ ಮಿಟ್ಲಿ ಬಾಳೆಯ ಹಿಳ್ಳು (ಮರಿಸಸಿ) ಏಳೆಂಟು ಇವೆ. ಶಿರಸಿ ಪೇಟೆಗೆ ಬಂದಾಗ ಅಂಗಡಿಗೆ ಬನ್ನಿ, ಗೋಣಿಯಲ್ಲಿ ಕಟ್ಟಿ ಇಟ್ಟಿರುತ್ತೇನೆ. ಬುಧವಾರ ಮಾತ್ರ ಬೇಡ, ಅಂಗಡಿ ಬಾಗಿಲು ಹಾಕಿರುತ್ತದೆ.