ಕಂಪ್ಯೂಟರ್ ನಾವೇ ಜೋಡಿಸುವಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಡೆಸ್ಕ್‌ಟಾಪ್ ಕಂಪ್ಯೂಟರನ್ನು ಬಿಡಿಭಾಗ ತಂದು ಮನೆಯಲ್ಲೇ ಜೋಡಿಸುವವರ ಪ್ರಶ್ನೆಗಳಿಗೆ ಈ ಸಂಚಿಕೆ ಮೀಸಲು. ಪ್ರಶ್ನೆಗಳನ್ನು ಓದುತ್ತಾ ಹೋದರೆ ಒಂದು ಮಾತು ಎದ್ದು ಕಾಣುತ್ತದೆ: ಬಹಳಷ್ಟು ತೊಂದರೆ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲೇ, ಸಾಮಾನಿನ ಪಟ್ಟಿ ಬರೆಯುವಾಗಲೇ ಆಗಿಹೋಗಿರುತ್ತದೆ.

ಪ್ರಶ್ನೆ: ಮೊದಲ ಸಲ ಅಸೆಂಬಲ್ ಮಾಡುತ್ತಿದ್ದೇನೆ. ವಿಡಿಯೊ ಎಡಿಟಿಂಗ್ ಮುಖ್ಯ, ಬಿಡುವಿದ್ದಾಗ ಗೇಮ್. ಪ್ರೊಸೆಸರ್ ಮೊದಲು ಆರಿಸಬೇಕೋ, ಗ್ರಾಫಿಕ್ಸ್ ಕಾರ್ಡೋ?

ಎರಡಕ್ಕೂ ಮೊದಲು ಮಾನಿಟರ್ ಯಾವುದೆಂದು ತೀರ್ಮಾನಿಸಿ. 1920×1080 ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿವೆ, 2560×1440 ಪರದೆಯಲ್ಲಿ 36.9 ಲಕ್ಷ, 4ಕೆ ಪರದೆಯಲ್ಲಿ 83 ಲಕ್ಷ. ಗೇಮ್ ಆಡುವಾಗ ಗ್ರಾಫಿಕ್ಸ್ ಕಾರ್ಡ್ ಪ್ರತಿ ಫ್ರೇಮಿಗೂ ಅಷ್ಟನ್ನೂ ಬಿಡಿಸಬೇಕು. ಪ್ರೊಸೆಸರ್‌ನ ಕೆಲಸ ಮಾತ್ರ ಪರದೆ ದೊಡ್ಡದಾದಂತೆ ಅಷ್ಟೇನೂ ಹೆಚ್ಚುವುದಿಲ್ಲ. ಹಾಗಾಗಿ ಅದೇ ಪ್ರೊಸೆಸರ್, ಅದೇ ಕಾರ್ಡ್ ಇದ್ದರೂ 1080ರಲ್ಲಿ ಪ್ರೊಸೆಸರ್ ಏದುಸಿರು ಬಿಡಬಹುದು, 4ಕೆಯಲ್ಲಿ ಕಾರ್ಡ್ ಬಿಡಬಹುದು. 'ಈ ಜೋಡಿಗೆ ಬಾಟಲ್‌ನೆಕ್ (ಒಂದರ ನಿಧಾನ ಇನ್ನೊಂದನ್ನು ತಡೆಯುವುದು) ಶೇಕಡಾ ಇಷ್ಟು' ಎಂದು ಒಂದೇ ಅಂಕಿ ಕೊಡುವ ಲೆಕ್ಕಾಚಾರಗಳನ್ನು ನಂಬಬೇಡಿ.

ಎಡಿಟಿಂಗ್ ಮುಖ್ಯ ಎಂದಿರಿ. ಮೊಬೈಲ್ ಮತ್ತು ಕ್ಯಾಮೆರಾದ ಎಚ್.265 (ಬಹಳ ಒತ್ತಿ ಚಿಕ್ಕದಾಗಿಸಿದ) ವಿಡಿಯೊ ಟೈಮ್‌ಲೈನಿನಲ್ಲಿ ತಡವರಿಸದೆ ಓಡಬೇಕಾದರೆ ಅದನ್ನು ಬಿಡಿಸಿ ಓದುವ ಹಾರ್ಡ್‌ವೇರ್ ಬೇಕು. ಗ್ರಾಫಿಕ್ಸ್ ಒಳಗೊಂಡ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಇದಕ್ಕೆ ಕ್ವಿಕ್ ಸಿಂಕ್ ಇದೆ, ಈಚಿನ ಗ್ರಾಫಿಕ್ಸ್ ಕಾರ್ಡ್‌ಗಳಲ್ಲೂ ಅಂಥದೇ ಭಾಗವಿದೆ. ರ‍್ಯಾಮ್ 32 ಜಿಬಿ ಇಟ್ಟುಕೊಳ್ಳಿ. 16 ಜಿಬಿಯಲ್ಲಿ ಕೆಲಸ ನಡೆಯುತ್ತದೆ, ಆದರೆ ಬ್ರೌಸರ್, ಎಡಿಟರ್ ಎರಡೂ ತೆರೆದಾಗ ಇಕ್ಕಟ್ಟು.

ಆರಿಸುವ ಸರದಿ ಹೀಗಿರಲಿ: ಪ್ರೊಸೆಸರ್ ಸಾಕೆಟ್ (ಅದು ಬೋರ್ಡಿನಲ್ಲಿ ಕೂರುವ ಕುಳಿ) ಯಾವುದೆಂದು ಹೇಳುತ್ತದೆ, ಸಾಕೆಟ್ ಮದರ್‌ಬೋರ್ಡನ್ನು, ಮದರ್‌ಬೋರ್ಡ್ ರ‍್ಯಾಮಿನ ಜಾತಿಯನ್ನು. ಗ್ರಾಫಿಕ್ಸ್ ಕಾರ್ಡ್ ಗೊತ್ತಾದ ಮೇಲೆ ಎಸ್‌ಎಂಪಿಎಸ್ (ಎಲ್ಲ ಭಾಗಕ್ಕೂ ವಿದ್ಯುತ್ ಕೊಡುವ ಪೆಟ್ಟಿಗೆ). ಕಾರ್ಡಿನ ಉದ್ದ, ಕೂಲರಿನ ಎತ್ತರ ಮಿಲಿಮೀಟರಿನಲ್ಲಿ ಗೊತ್ತಾದ ಮೇಲೆ ಕ್ಯಾಬಿನೆಟ್. ಚೆಂದ ಕಂಡಿತೆಂದು ಕ್ಯಾಬಿನೆಟ್ ಮೊದಲೇ ತಂದವರಿಗೆ ಕೊನೆಗೆ ಕಾರ್ಡ್ ಮುಂದಿನ ಫ್ಯಾನಿಗೆ ತಗಲುವುದು ಮಾಮೂಲು. ಮದರ್‌ಬೋರ್ಡಿನ ಮ್ಯಾನ್ಯುಯಲ್ ಅದರ ತಯಾರಕರ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಅದನ್ನು ಕೊಂಡ ಮೇಲಲ್ಲ, ಕೊಳ್ಳುವ ಮುಂಚೆ ಓದಿ. ಮುಂದಿನ ಪ್ರಶ್ನೆಗಳಲ್ಲಿ ಹಲವಕ್ಕೆ ಉತ್ತರ ಅದರಲ್ಲೇ ಇದೆ.

ಪ್ರಶ್ನೆ: ರೈಜೆನ್ 5 5600 ಹಾಕಿದ್ದೇನೆ. ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ಗ್ರಾಫಿಕ್ಸ್ ಕಾರ್ಡ್ ಮುಂದೆ ಕೊಂಡರಾಯಿತು ಎಂದಿದ್ದೆ. ಬೋರ್ಡ್ ಕೆಟ್ಟಿದೆಯೇ?

ಕೆಟ್ಟಿರಲಾರದು. 5600ರಲ್ಲಿ ಗ್ರಾಫಿಕ್ಸ್ ಭಾಗವೇ ಇಲ್ಲ. ಬೋರ್ಡಿನಲ್ಲಿ ಎಚ್‌ಡಿಎಂಐ ಕಿಂಡಿ ಇದ್ದರೂ ಅದಕ್ಕೆ ಚಿತ್ರ ಕಳಿಸುವವರು ಯಾರೂ ಇಲ್ಲ. 5600ಜಿ ಆಗಿದ್ದರೆ ಪರದೆ ಬೆಳಗುತ್ತಿತ್ತು. ಆದರೆ ಪ್ರೊಸೆಸರ್ ಒಳಗಿನ ವೇಗದ ನೆನಪಾದ ಎಲ್3 ಕ್ಯಾಶ್ ಅದರಲ್ಲಿ 16 ಎಂಬಿ (5600ರದು 32), ಕಾರ್ಡಿನ ಜೊತೆ ಮಾತಾಡುವ ದಾರಿಯಾದ ಪಿಸಿಐ ಎಕ್ಸ್‌ಪ್ರೆಸ್ ಕೂಡ ಹಳೆಯ 3ನೇ ತಲೆಮಾರಿನದು. ಮುಂದೆ ಕಾರ್ಡ್ ಹಾಕುವುದು ಖಚಿತವಾಗಿದ್ದರೆ 5600 ಇಟ್ಟುಕೊಂಡು, ಸದ್ಯಕ್ಕೆ ಯಾರಿಂದಾದರೂ ಹಳೆಯ ಕಾರ್ಡೊಂದನ್ನು ಎರವಲು ತಂದು ನೋಡಿ.

ಇಂಟೆಲ್‌ನಲ್ಲಿ ಇದೇ ಆಟವನ್ನು 'ಎಫ್' ಅಕ್ಷರ ಆಡುತ್ತದೆ: 12400ರಲ್ಲಿ ಗ್ರಾಫಿಕ್ಸ್ ಇದೆ, 12400ಎಫ್‌ನಲ್ಲಿ ಇಲ್ಲ. ಎಎಂಡಿಯ ಎಎಂ5 ಸಾಕೆಟ್ಟಿನ ರೈಜೆನ್ 7600ರಲ್ಲಿ ಸಣ್ಣದೊಂದು ಗ್ರಾಫಿಕ್ಸ್ ಇದೆ, 7500ಎಫ್‌ನಲ್ಲಿ ಇಲ್ಲ. ಕಾರ್ಡ್ ಹಾಕಿಯೂ ಪರದೆ ಕಪ್ಪಗಿದ್ದರೆ ಮಾನಿಟರಿನ ಕೇಬಲ್ ಬೋರ್ಡಿಗೆ ಸಿಕ್ಕಿಸಿದ್ದೀರೋ ಕಾರ್ಡಿಗೋ ನೋಡಿ. ಕಾರ್ಡಿಗೇ ಸಿಕ್ಕಿಸಬೇಕು.

ಪ್ರಶ್ನೆ: ಹಳೆಯ ಕಂಪ್ಯೂಟರಿನ ಡಿಡಿಆರ್4 ರ‍್ಯಾಮ್ 16 ಜಿಬಿ ಇದೆ. ಹೊಸ ಎಎಂ5 ಬೋರ್ಡಿಗೆ ಹಾಕಬಹುದೇ? ನಾಲ್ಕೂ ಸ್ಲಾಟ್ ತುಂಬಿದರೆ ವೇಗ ಹೆಚ್ಚುತ್ತದೆಯೇ?

ಹಾಕಲಾಗದು. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್‌ಗಳೇ, ಆದರೆ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ. ಒತ್ತಿ ಕೂರಿಸಲು ಹೋದರೆ ಸ್ಲಾಟ್ ಹೋಗುತ್ತದೆ. 2022ರಲ್ಲಿ ಬಂದ ಎಎಂ5 ಡಿಡಿಆರ್5ಗೆ ಮಾತ್ರ. ನಿಮ್ಮ ರ‍್ಯಾಮ್ ಉಳಿಸಿಕೊಳ್ಳಬೇಕೆಂದರೆ ಎಎಂಡಿಯ ಹಿಂದಿನ ಸಾಕೆಟ್ ಎಎಂ4 ಇದೆ, ಇಲ್ಲವೇ ಇಂಟೆಲ್ 12, 13, 14ನೇ ತಲೆಮಾರಿನ ಎಲ್‌ಜಿಎ1700 ಬೋರ್ಡ್. ಈ ಎರಡನೆಯದರಲ್ಲಿ ಡಿಡಿಆರ್4 ಬೋರ್ಡೂ ಉಂಟು, ಡಿಡಿಆರ್5 ಬೋರ್ಡೂ ಉಂಟು. ಹೆಸರಿನಲ್ಲಿ 'ಡಿ4' ಎಂದಿದೆಯೇ ಎಂದು ನೋಡಿ, ಇಲ್ಲದಿದ್ದರೆ ವಿವರಪಟ್ಟಿ ತೆರೆದು ಖಚಿತಪಡಿಸಿಕೊಳ್ಳಿ.

ನಾಲ್ಕು ಪಟ್ಟಿ (ಸ್ಲಾಟಿಗೆ ಕೂರಿಸುವ ಒಂದೊಂದು ತುಂಡು) ಹಾಕಿದರೆ ಡಿಡಿಆರ್5ನಲ್ಲಿ ವೇಗ ಇಳಿಯುತ್ತದೆ. ರೈಜೆನ್ 7000 ಸಾಲಿಗೆ ಎಎಂಡಿ ಅಧಿಕೃತವಾಗಿ ಹೇಳುವ ವೇಗ ಎರಡು ಪಟ್ಟಿಗೆ 5200 (ಸೆಕೆಂಡಿಗೆ ದಶಲಕ್ಷ ವರ್ಗಾವಣೆ), ನಾಲ್ಕಕ್ಕೆ 3600. 32 ಜಿಬಿ ಬೇಕೆಂದರೆ 16ರ ಎರಡು ಪಟ್ಟಿ, ಒಂದೇ ಪೆಟ್ಟಿಗೆಯಲ್ಲಿ ಜೋಡಿಯಾಗಿ ಬಂದದ್ದು. ಇಂದು ಒಂದು, ವರ್ಷ ಬಿಟ್ಟು ಅಂಥದೇ ಇನ್ನೊಂದು ಎಂಬ ಲೆಕ್ಕ ಹಲವು ಸಲ ಕೈಕೊಡುತ್ತದೆ: ಮೇಲಿನ ಹೆಸರು ಒಂದೇ ಇದ್ದರೂ ಒಳಗಿನ ಚಿಪ್ ಬದಲಾಗಿರುತ್ತದೆ.

ನಾಲ್ಕು ಸ್ಲಾಟಿರುವ ಬೋರ್ಡಿನಲ್ಲಿ ಎರಡು ಪಟ್ಟಿ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ. ಮೊದಲೆರಡು ಸ್ಲಾಟಿಗೆ ಹಾಕಿದರೆ ಎರಡು ದಾರಿಗಳಲ್ಲಿ (ಚಾನೆಲ್) ಒಂದೇ ಓಡುತ್ತದೆ. '6000' ಎಂದು ಬರೆದ ಪಟ್ಟಿ ತಾನಾಗಿ 6000ಕ್ಕೆ ಏರುವುದೂ ಇಲ್ಲ. ಬಯಾಸ್‌ಗೆ (ಬೋರ್ಡಿನ ಮೂಲ ಸೆಟ್ಟಿಂಗ್ಸ್) ಹೋಗಿ ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ ಎಂಬ ವೇಗದ ಆಯ್ಕೆ ಆನ್ ಮಾಡುವ ತನಕ ಬಹುಮಟ್ಟಿಗೆ 4800ರಲ್ಲೇ ಇರುತ್ತದೆ. ಕೊನೆಯದಾಗಿ, ಎಎಂ5 ಬೋರ್ಡ್ ಮೊದಲ ಸಲ ಆನ್ ಆದಾಗ ರ‍್ಯಾಮಿನ ಜೊತೆ ಹೊಂದಿಕೊಳ್ಳಲು ಕೆಲವು ನಿಮಿಷ ಕಪ್ಪು ಪರದೆಯಲ್ಲೇ ನಿಲ್ಲುತ್ತದೆ. ಗಾಬರಿಯಾಗಿ ಸ್ವಿಚ್ ತೆಗೆಯಬೇಡಿ, ಹತ್ತು ಹದಿನೈದು ನಿಮಿಷ ಕೂತಿರಿ.

ಪ್ರಶ್ನೆ: ಆರ್‌ಟಿಎಕ್ಸ್ 4070 ಕಾರ್ಡ್, ರೈಜೆನ್ 5 7600. ಎಷ್ಟು ವ್ಯಾಟಿನ ಎಸ್‌ಎಂಪಿಎಸ್ ಬೇಕು? ಬ್ರಾಂಜ್ ಸಾಕೋ, ಗೋಲ್ಡ್ ಬೇಕೋ?

ಲೆಕ್ಕ ಹಾಕೋಣ. ಕಾರ್ಡ್ 200 ವ್ಯಾಟ್. ಪ್ರೊಸೆಸರ್ ಮೇಲೆ 65 ಎಂದಿದ್ದರೂ ದುಡಿಯುವಾಗ 88ರ ತನಕ ಎಳೆಯುತ್ತದೆ. ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್‌ಗಳಿಗೆಲ್ಲ ಸೇರಿ 60 ಇಡಿ. ಸುಮಾರು 350 ಆಯಿತು. ಆದರೂ 450ರದ್ದು ತರಬೇಡಿ: ಗ್ರಾಫಿಕ್ಸ್ ಕಾರ್ಡ್‌ಗಳು ಕೆಲವು ಮಿಲಿಸೆಕೆಂಡು ತಮ್ಮ ಮಿತಿ ಮೀರಿ ಎಳೆಯುತ್ತವೆ, ಆಗ ದುರ್ಬಲ ಎಸ್‌ಎಂಪಿಎಸ್ ತನ್ನನ್ನು ಕಾಪಾಡಿಕೊಳ್ಳಲು ಪಟ್ಟನೆ ಆರುತ್ತದೆ. ಗೇಮ್ ನಡುವೆ ಮಾತ್ರ ಕಂಪ್ಯೂಟರ್ ಆಫ್ ಆಗುವುದು ಹೀಗೆ. 4070ಕ್ಕೆ ಎನ್ವಿಡಿಯಾ ಹೇಳುವುದು 650, ಅದನ್ನೇ ಇಟ್ಟುಕೊಳ್ಳಿ. ಪ್ರೊಸೆಸರ್ ಇಂಟೆಲ್ ಐ7 13700ಕೆ ಆಗಿದ್ದರೆ ಅದೊಂದೇ 253 ವ್ಯಾಟಿನ ತನಕ ಹೋಗುತ್ತದೆ. ಆಗ 750.

ಇನ್ನು, ಪೆಟ್ಟಿಗೆಯ ಮೇಲಿನ ದಪ್ಪ ಅಂಕಿ ಬಿಟ್ಟು ಎಸ್‌ಎಂಪಿಎಸ್ ಮೈಮೇಲೆ ಅಂಟಿಸಿದ ಚೀಟಿ ಓದಿ. ಅದರಲ್ಲಿ +12ವಿ ಎಂಬ ಸಾಲಿದೆ. ಕಾರ್ಡ್, ಪ್ರೊಸೆಸರ್ ಎರಡೂ ಅದರಿಂದಲೇ ಉಣ್ಣುತ್ತವೆ. ಅಲ್ಲಿ 54 ಆಂಪಿಯರ್ ಎಂದಿದ್ದರೆ 12×54, ಅಂದರೆ 648 ವ್ಯಾಟ್: ಅದು ನಿಜವಾದ 650. 38 ಆಂಪಿಯರ್ ಎಂದಿದ್ದರೆ 456 ಅಷ್ಟೇ, ಹೊರಗೆ ಏನೇ ಬರೆದಿರಲಿ.

ಬ್ರಾಂಜ್, ಗೋಲ್ಡ್ ಎಂಬುದು ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಒಳಗೆ ತಲುಪುತ್ತದೆ ಎಂಬ ಲೆಕ್ಕ. 115 ವೋಲ್ಟಿನ ಪರೀಕ್ಷೆಯಲ್ಲಿ, ಅರ್ಧ ಹೊರೆಯಲ್ಲಿ, ಬ್ರಾಂಜ್‌ಗೆ ಶೇ 85, ಗೋಲ್ಡ್‌ಗೆ ಶೇ 90 ಬೇಕು. ಕಂಪ್ಯೂಟರಿಗೆ 300 ವ್ಯಾಟ್ ಕೊಡಲು ಮೊದಲನೆಯದು ಸುಮಾರು 353, ಎರಡನೆಯದು 333 ಎಳೆಯುತ್ತದೆ. ಇಪ್ಪತ್ತು ವ್ಯಾಟಿನ ಅಂತರ. ಒಳಗಿನ ರಕ್ಷಣಾ ವ್ಯವಸ್ಥೆಯ ಗುಣಕ್ಕೆ ಆ ಬಿಲ್ಲೆ ಜಾಮೀನಲ್ಲ. ಒಳ್ಳೆಯ ಬ್ರಾಂಜ್ ಸಿಕ್ಕಿದರೆ ಕೊಳ್ಳಿ. ಬಣ್ಣದ ದೀಪವಿರುವ ಫ್ಯಾನ್ ಆರು ತಂದು ಎಸ್‌ಎಂಪಿಎಸ್‌ನಲ್ಲಿ ಉಳಿಸುವುದು ಮಾತ್ರ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬಂತೆ.

ಮಾಡ್ಯುಲರ್ (ಕೇಬಲ್ ಬಿಚ್ಚಿ ತೆಗೆಯಬಹುದಾದ) ಎಸ್‌ಎಂಪಿಎಸ್ ಬದಲಿಸುವವರು ಹಳೆಯ ಕೇಬಲ್ ಉಳಿಸಿಕೊಂಡು ಹೊಸದಕ್ಕೆ ಸಿಕ್ಕಿಸಬಾರದು. ಎಸ್‌ಎಂಪಿಎಸ್ ಕಡೆಯ ಪಿನ್ ಕ್ರಮ ಮಾದರಿಯಿಂದ ಮಾದರಿಗೆ ಬೇರೆ. 5 ವೋಲ್ಟ್ ಹೋಗಬೇಕಾದಲ್ಲಿ 12 ಹೋಗಿ ಡಿಸ್ಕ್ ಸುಡುತ್ತದೆ.

ಪ್ರಶ್ನೆ: ಎರಡನೆಯ ಎಂ.2 ಎಸ್‌ಎಸ್‌ಡಿ ಹಾಕಿದೆ, ಹಳೆಯ ಹಾರ್ಡ್‌ಡಿಸ್ಕ್ ಮಾಯ!

ಡಿಸ್ಕಿಗೆ ಏನೂ ಆಗಿಲ್ಲ. ಎಷ್ಟೋ ಬೋರ್ಡ್‌ಗಳಲ್ಲಿ ಎರಡನೆಯ ಎಂ.2 ಸ್ಲಾಟೂ ಹಾರ್ಡ್‌ಡಿಸ್ಕಿನ ಕೇಬಲ್ ಸಿಕ್ಕಿಸುವ ಒಂದೆರಡು ಸಾಟಾ ಪೋರ್ಟ್‌ಗಳೂ ಒಂದೇ ದಾರಿ ಹಂಚಿಕೊಂಡಿರುತ್ತವೆ. ಸ್ಲಾಟ್ ತುಂಬಿದರೆ ಪೋರ್ಟ್ ಮುಚ್ಚುತ್ತದೆ. ಯಾವ ಪೋರ್ಟ್ ಎಂಬುದು ಮ್ಯಾನ್ಯುಯಲ್‌ನಲ್ಲಿ ಅಡಿಟಿಪ್ಪಣಿಯಾಗಿ ಇರುತ್ತದೆ. ಹಾರ್ಡ್‌ಡಿಸ್ಕಿನ ಕೇಬಲ್ ಬೇರೆ ಪೋರ್ಟಿಗೆ ಬದಲಿಸಿ. ಎಂ.2 ಎಂಬುದು ಆಕಾರದ ಹೆಸರು ಮಾತ್ರ (2280 ಎಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ). ಅದೇ ಆಕಾರದಲ್ಲಿ ಸೆಕೆಂಡಿಗೆ ಸುಮಾರು 550 ಎಂಬಿ ಓದುವ ಸಾಟಾ ಎಸ್‌ಎಸ್‌ಡಿಯೂ ಬರುತ್ತದೆ, 3500ರಿಂದ 7000 ಓದುವ ಎನ್‌ವಿಎಂಇಯೂ ಬರುತ್ತದೆ.

ಪ್ರಶ್ನೆ: ಎಲ್ಲ ಜೋಡಿಸಿದೆ. ಬಟನ್ ಒತ್ತಿದರೆ ಫ್ಯಾನ್ ಒಂದು ಸುತ್ತು ತಿರುಗಿ ನಿಲ್ಲುತ್ತದೆ. ಎಲ್ಲಿಂದ ಹುಡುಕಲಿ?

ಮೊದಲು ಪ್ರೊಸೆಸರ್ ಬಳಿ, ಬೋರ್ಡಿನ ಮೇಲ್ತುದಿಯ ಮೂಲೆಯಲ್ಲಿರುವ 8 ಪಿನ್ ಕನೆಕ್ಟರ್ ನೋಡಿ. ಮರೆತುಹೋಗುವುದು ಅದೇ. ಅದಕ್ಕೆ ಹೋಗಬೇಕಾದದ್ದು 4+4 ಎಂದು ಸೀಳುವ ಕೇಬಲ್. 6+2 ಎಂದು ಸೀಳುವುದು ಗ್ರಾಫಿಕ್ಸ್ ಕಾರ್ಡಿನದು, ಬಲವಂತ ಮಾಡಬೇಡಿ. 24 ಪಿನ್ನಿನ ದೊಡ್ಡ ಪ್ಲಗ್ಗಿನ ಕೊಕ್ಕೆ ಟಕ್ಕೆಂದು ಕೂತಿದೆಯೇ ಎಂದೂ ನೋಡಿ.

ಆಮೇಲೆ ಬೋರ್ಡ್ ಬಿಚ್ಚಿ ಕ್ಯಾಬಿನೆಟ್ಟಿನ ಹಿತ್ತಾಳೆ ಕಾಲುಗಳನ್ನು ಎಣಿಸಿ. 305×244 ಮಿ.ಮೀ. ಎಟಿಎಕ್ಸ್ ಬೋರ್ಡಿಗೆಂದು ಮೊದಲೇ ಕೂರಿಸಿದ ಕಾಲು, 244×244ರ ಮೈಕ್ರೊ ಎಟಿಎಕ್ಸ್ ಬೋರ್ಡಿನಲ್ಲಿ ತೂತಿಲ್ಲದ ಜಾಗಕ್ಕೆ ತಾಗಿ ಶಾರ್ಟ್ ಮಾಡಬಹುದು. ಬೋರ್ಡಿನ ತೂತಿಗೆ ಎದುರಾಗದ ಕಾಲನ್ನು ತೆಗೆದುಬಿಡಿ.

ಅಷ್ಟಕ್ಕೂ ಸರಿಹೋಗದಿದ್ದರೆ ಬೋರ್ಡನ್ನು ಅದು ಬಂದ ರಟ್ಟಿನ ಪೆಟ್ಟಿಗೆಯ ಮೇಲೆ ಇಡಿ. ಪ್ರೊಸೆಸರ್, ಕೂಲರ್, ಒಂದೇ ರ‍್ಯಾಮ್ ಪಟ್ಟಿ, ಎಸ್‌ಎಂಪಿಎಸ್: ಇಷ್ಟೇ (ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲದಿದ್ದರೆ ಕಾರ್ಡ್ ಕೂಡ). ಪವರ್ ಸ್ವಿಚ್ಚಿನ ಎರಡು ಪಿನ್ನಿಗೆ ಸ್ಕ್ರೂಡ್ರೈವರಿನ ತುದಿ ಒಂದು ಕ್ಷಣ ತಾಗಿಸಿ. ಈಗ ಆನ್ ಆದರೆ ದೋಷ ಕ್ಯಾಬಿನೆಟ್ಟಿನಲ್ಲೋ, ಬಿಟ್ಟ ಭಾಗಗಳಲ್ಲೋ ಇದೆ. ಒಂದೊಂದಾಗಿ ಸೇರಿಸುತ್ತಾ ಬನ್ನಿ.

ಫ್ಯಾನ್ ತಿರುಗುತ್ತಲೇ ಇದ್ದು ಪರದೆ ಬಾರದಿದ್ದರೆ ಬೋರ್ಡಿನ ಅಂಚಿನ ಪುಟ್ಟ ದೀಪಗಳನ್ನು ನೋಡಿ: ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್. ಯಾವುದು ಆರದೆ ನಿಂತಿದೆಯೋ ಅಲ್ಲಿ ತೊಡಕು. ಸಿಪಿಯು ದೀಪ ನಿಂತಿದ್ದು, ಬೋರ್ಡಿಗಿಂತ ಪ್ರೊಸೆಸರ್ ಹೊಸದಾದರೆ ಬಯಾಸ್ ಹಳೆಯದೆಂದು ಅನುಮಾನಿಸಿ. ಬಿ650 ಬೋರ್ಡಿಗೆ ರೈಜೆನ್ 9000 ಹಾಕಿದವರಿಗೆ ಹೀಗಾಗಬಹುದು. ಬೋರ್ಡಿನಲ್ಲಿ ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇದ್ದರೆ ಪ್ರೊಸೆಸರ್ ಕೆಲಸ ಮಾಡದೆಯೂ ಬಯಾಸ್ ಬದಲಿಸಬಹುದು: ಪೆನ್‌ಡ್ರೈವನ್ನು ಎಫ್‌ಎಟಿ32ಗೆ ಫಾರ್ಮ್ಯಾಟ್ ಮಾಡಿ, ಫೈಲಿಗೆ ಮ್ಯಾನ್ಯುಯಲ್ ಹೇಳಿದ ಹೆಸರನ್ನೇ ಇಟ್ಟು, ಗುರುತಿರುವ ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸಿ ಬಟನ್ ಒತ್ತಿಹಿಡಿಯಿರಿ. ದೀಪ ಮಿನುಗುವುದು ನಿಲ್ಲುವ ತನಕ ವಿದ್ಯುತ್ ಹೋಗಬಾರದು.

ಪ್ರಶ್ನೆ: ಲಿಕ್ವಿಡ್ ಕೂಲರ್ ಬೇಕೇ ಬೇಕೇ? ಈಗಿನ ಕೂಲರಿನಲ್ಲಿ ಆನ್ ಮಾಡಿದ ನಿಮಿಷಕ್ಕೇ 95 ಡಿಗ್ರಿ ಮುಟ್ಟುತ್ತದೆ.

65 ವ್ಯಾಟಿನ ಪ್ರೊಸೆಸರಿಗೆ ಬೇಡ. ಏನೂ ಕೆಲಸವಿಲ್ಲದೆ ನಿಮಿಷದಲ್ಲಿ 95 ಮುಟ್ಟಿದರೆ ಕೂಲರ್ ಬಿಚ್ಚಿ, ತಳದಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಉಳಿದಿದೆಯೇ ನೋಡಿ. 'ಅಂಟಿಸುವ ಮೊದಲು ತೆಗೆಯಿರಿ' ಎಂದು ಅದರ ಮೇಲೇ ಬರೆದಿದ್ದರೂ ಉಳಿದುಬಿಡುತ್ತದೆ. ಪ್ರೊಸೆಸರಿನ ಶಾಖವನ್ನು ಕೂಲರಿಗೆ ದಾಟಿಸುವ ಹಳೆಯ ಪೇಸ್ಟ್ ಒರೆಸಿ, ನಡುವೆ ಬಟಾಣಿ ಕಾಳಿನಷ್ಟು ಹೊಸದು ಇಟ್ಟು, ಸ್ಕ್ರೂಗಳನ್ನು ಕರ್ಣದ ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಎಎಂ4 ಪ್ರೊಸೆಸರಿನ ಕೂಲರ್ ತೆಗೆಯುವಾಗ ನೇರ ಮೇಲಕ್ಕೆ ಎಳೆದರೆ ಪೇಸ್ಟಿಗೆ ಅಂಟಿಕೊಂಡ ಪ್ರೊಸೆಸರ್ ಸಾಕೆಟ್ಟಿನಿಂದ ಕಿತ್ತು ಬಂದು ಪಿನ್ ಬಾಗುತ್ತದೆ. ಕಂಪ್ಯೂಟರನ್ನು ಕೆಲ ನಿಮಿಷ ಓಡಿಸಿ, ಪೇಸ್ಟ್ ಬೆಚ್ಚಗಾದ ಮೇಲೆ ಆಫ್ ಮಾಡಿ ಪ್ಲಗ್ ಕಿತ್ತು, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿ ಬಿಡಿಸಿ.

ಪ್ರಶ್ನೆ: 144 ಹರ್ಟ್ಜ್ ಮಾನಿಟರ್ ತಂದೆ. 60ಕ್ಕೂ ಇದಕ್ಕೂ ವ್ಯತ್ಯಾಸವೇ ಕಾಣುತ್ತಿಲ್ಲ.

60ರಲ್ಲೇ ಓಡುತ್ತಿರಬೇಕು. ವಿಂಡೋಸ್ ಸೆಟ್ಟಿಂಗ್ಸ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ತೆರೆದು ರಿಫ್ರೆಶ್ ರೇಟ್ ಬದಲಿಸಿ. ಅಲ್ಲಿ 144 ಇಲ್ಲದಿದ್ದರೆ ಹಳೆಯ ಎಚ್‌ಡಿಎಂಐ ಕೇಬಲ್ ತೆಗೆದು ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿ ಮತ್ತೆ ನೋಡಿ.