ಮನದ ಗಾಯ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಐದು ತಿಂಗಳ ಹಿಂದೆ ನನ್ನ ಬೈಕಿಗೆ ಲಾರಿ ಗುದ್ದಿತು. ಮುರಿದ ಮೂಳೆ ಕೂಡಿಕೊಂಡಿದೆ. ಆದರೆ ಜೋರಾದ ಹಾರ್ನ್ ಕೇಳಿದರೆ ಸಾಕು, ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. ಮೊದಮೊದಲು ಆ ರಸ್ತೆ ಬಿಟ್ಟು ಸುತ್ತಿ ಬಳಸಿ ಹೋಗುತ್ತಿದ್ದೆ, ಈಗ ಬೈಕನ್ನೇ ಮುಟ್ಟುತ್ತಿಲ್ಲ. ‘ಧೈರ್ಯ ತಂದುಕೋ’ ಎನ್ನುತ್ತಾರೆ ಮನೆಯವರು. ನಾನು ಅಷ್ಟು ಪುಕ್ಕಲನೇ?

ಉತ್ತರ: ಖಂಡಿತ ಅಲ್ಲ. ಜೀವಕ್ಕೆ ಅಪಾಯ ಬಂದ ಗಳಿಗೆಯಲ್ಲಿ ಮೆದುಳಿನ ಅಮಿಗ್ಡಲ ಎಂಬ ಪುಟ್ಟ ಭಾಗ ಆಗ ಕೇಳಿದ ಸದ್ದು, ಕಂಡ ಬೆಳಕು, ಬಂದ ವಾಸನೆಗಳನ್ನೆಲ್ಲ ಅಪಾಯದ ಗುರುತೆಂದು ಕಲಿತುಬಿಡುತ್ತದೆ. ‘ಇದು ಅಂದು, ಅಲ್ಲಿ ಆದದ್ದು’ ಎಂದು ನೆನಪಿಗೆ ಕಾಲದ ಚೀಟಿ ಅಂಟಿಸಬೇಕಾದದ್ದು ಮೆದುಳಿನ ಇನ್ನೊಂದು ಭಾಗವಾದ ಹಿಪ್ಪೊಕ್ಯಾಂಪಸ್. ಭಯ ಮಿತಿಮೀರಿದಾಗ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಹಾರ್ನ್ ಕೇಳಿದಾಗ ಹಳೆಯ ಘಟನೆ ಈಗಲೇ ನಡೆಯುತ್ತಿರುವಂತೆ ಮೈಮೇಲೆ ಬರುತ್ತದೆ. ಮೊದಲ ಒಂದು ತಿಂಗಳಲ್ಲಿ ಇದು ಬಹಳ ಜನರಿಗೆ ಆಗುವಂಥದ್ದೇ, ಹೆಚ್ಚಿನವರಲ್ಲಿ ತಾನಾಗಿ ಇಳಿಯುತ್ತದೆ. ತಿಂಗಳು ದಾಟಿಯೂ ಮರುಕಳಿಸುವ ನೆನಪು, ದೂರ ಸರಿಯುವಿಕೆ, ಮಂಕು, ಬೆಚ್ಚಿಬೀಳುವಿಕೆ ಇವೆಲ್ಲ ಒಟ್ಟಿಗೆ ಉಳಿದು ಬದುಕಿಗೆ ಅಡ್ಡಿಯಾದರೆ ವೈದ್ಯರು ಆಘಾತದ ನಂತರದ ಒತ್ತಡದ ಕಾಯಿಲೆಯಾದ ಪಿಟಿಎಸ್‌ಡಿ ಇದೆಯೇ ಎಂದು ಪರೀಕ್ಷಿಸುತ್ತಾರೆ. 1980ರಿಂದ ಇದು ಮನೋವೈದ್ಯರ ಅಧಿಕೃತ ಪಟ್ಟಿಯಲ್ಲಿರುವ ಕಾಯಿಲೆ, ಸ್ವಭಾವದ ದೋಷವಲ್ಲ.

ನಿಮ್ಮ ಪತ್ರದಲ್ಲಿ ನಮ್ಮನ್ನು ತಡೆದು ನಿಲ್ಲಿಸಿದ್ದು ಆ ಸುತ್ತು ಬಳಸಿನ ದಾರಿ. ರಸ್ತೆ ತಪ್ಪಿಸಿದ ಕೂಡಲೇ ಸಿಗುವ ನಿರಾಳವಿದೆಯಲ್ಲ, ಭಯ ಬದುಕಿ ಉಳಿದಿರುವುದು ಅದರಿಂದಲೇ. ‘ತಪ್ಪಿಸಿದ್ದರಿಂದ ಉಳಿದೆ’ ಎಂದು ಮೆದುಳು ಲೆಕ್ಕ ಹಾಕುತ್ತದೆ. ಮುಂದಿನ ಸಲ ಇನ್ನೂ ದೂರದಿಂದಲೇ ಎಚ್ಚರಿಸುತ್ತದೆ. ರಸ್ತೆಯಿಂದ ಶುರುವಾದದ್ದು ಬೈಕಿನವರೆಗೆ ಬಂದದ್ದು ಹೀಗೆ.

ಹಿಂದಿರುಗುವ ದಾರಿ ಮೆಟ್ಟಿಲು ಮೆಟ್ಟಿಲಾಗಿರಬೇಕು. ಒಂದು ಹಾಳೆಯಲ್ಲಿ ಎಂಟು–ಹತ್ತು ಸನ್ನಿವೇಶ ಬರೆದು, ಪ್ರತಿಯೊಂದಕ್ಕೂ 0ಯಿಂದ 100ರವರೆಗೆ ಭಯದ ಅಂಕ ಕೊಡಿ. ನಿಂತ ಬೈಕಿನ ಮೇಲೆ ಕೂರುವುದು 30, ಎಂಜಿನ್ ಶುರುಮಾಡಿ ಕೂರುವುದು 40, ಇನ್ನೊಬ್ಬರ ಹಿಂದೆ ಕುಳಿತು ಹೋಗುವುದು 55, ಖಾಲಿ ಮೈದಾನದಲ್ಲಿ ಓಡಿಸುವುದು 60, ಅಪಘಾತದ ಜಾಗದ ಬದಿಯಲ್ಲಿ ನಿಲ್ಲುವುದು 90, ಹೀಗೆ. 30–40ರದ್ದರಿಂದ ಆರಂಭಿಸಿ. ದಿನಕ್ಕೆ 30ರಿಂದ 45 ನಿಮಿಷ, ಅಂಕ ಸುಮಾರು ಅರ್ಧಕ್ಕೆ ಇಳಿಯುವವರೆಗೆ ಅಲ್ಲೇ ಇರಿ. ಅದೇ ಮೆಟ್ಟಿಲು ಸಪ್ಪೆ ಎನಿಸಿದ ಮೇಲಷ್ಟೇ ಮುಂದಿನದು.

ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಭಯ ಏರುತ್ತಿರುವಾಗಲೇ ಎದ್ದು ಬಂದರೆ ಮೆದುಳಿಗೆ ಹಳೆಯ ಪಾಠವೇ ಇನ್ನೊಮ್ಮೆ ಆಗುತ್ತದೆ. ಇಲ್ಲವೇ ಮನೆಯವರ ಒತ್ತಾಯಕ್ಕೆ ಮೊದಲ ದಿನವೇ 90ಕ್ಕೆ ಹಾರಿ, ಮತ್ತೆ ಆ ಹಾಳೆಯನ್ನೇ ಮುಟ್ಟದಂತೆ ಆಗುತ್ತದೆ. ಉಸಿರಾಟದಲ್ಲೂ ಒಂದು ತಪ್ಪು ನಡೆಯುತ್ತದೆ: ಗಾಬರಿಯಲ್ಲಿ ದೊಡ್ಡದಾಗಿ, ಬೇಗಬೇಗ ಉಸಿರೆಳೆದರೆ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ತಿರುಗುತ್ತದೆ, ಬೆರಳು ಜುಮ್ಮೆನ್ನುತ್ತದೆ, ಗಾಬರಿ ದುಪ್ಪಟ್ಟಾಗುತ್ತದೆ. ಮೂಗಿನಿಂದ 4 ಎಣಿಸುವಷ್ಟು ಒಳಕ್ಕೆ, 6 ಎಣಿಸುವಷ್ಟು ಹೊರಕ್ಕೆ, ಐದು ನಿಮಿಷ ಸಾಕು.

ನೆನಪು ನುಗ್ಗಿದಾಗ ನೀವೆಲ್ಲಿದ್ದೀರಿ ಎಂಬುದೇ ಮರೆತುಹೋಗುವಂತಿದ್ದರೆ ಒಬ್ಬರೇ ಇದನ್ನು ಮಾಡಬೇಡಿ, ವಾಹನ ಓಡಿಸಲೇಬೇಡಿ. ಆಘಾತದ ಚಿಕಿತ್ಸೆಯಲ್ಲಿ ತರಬೇತಿ ಪಡೆದ ಮನಶ್ಶಾಸ್ತ್ರಜ್ಞರ ಬಳಿ ಹೋಗಿ. ಇದೇ ತತ್ವದ ಎಕ್ಸ್‌ಪೋಷರ್ ಚಿಕಿತ್ಸೆ ಸಾಮಾನ್ಯವಾಗಿ 8ರಿಂದ 15 ಭೇಟಿಗಳಲ್ಲಿ ಮುಗಿಯುತ್ತದೆ. ‘ನೀವು ಯಾವ ವಿಧಾನ ಅನುಸರಿಸುತ್ತೀರಿ, ಎಷ್ಟು ಭೇಟಿ ಬೇಕಾಗಬಹುದು?’ ಎಂದು ಮೊದಲ ದಿನವೇ ಕೇಳಿ. ಹಾಗೆ ಕೇಳುವುದು ನಿಮ್ಮ ಹಕ್ಕು.

ಪ್ರಶ್ನೆ: ರಾತ್ರಿ ಒಂದೇ ಕೆಟ್ಟ ಕನಸು ಮತ್ತೆ ಮತ್ತೆ ಬೀಳುತ್ತದೆ. ಸ್ವಲ್ಪ ಮದ್ಯ ತೆಗೆದುಕೊಂಡರೆ ಬೇಗ ನಿದ್ದೆ ಹತ್ತುತ್ತದೆ, ಆದರೆ ನಡುರಾತ್ರಿ ಬೆಚ್ಚಿ ಏಳುತ್ತೇನೆ.

ಉತ್ತರ: ಮದ್ಯ ರಾತ್ರಿಯ ಮೊದಲರ್ಧದಲ್ಲಿ ಕನಸಿನ ನಿದ್ದೆಯನ್ನು ಅದುಮಿ ಹಿಡಿಯುತ್ತದೆ. ಅದರ ಅಮಲು ಇಳಿದಂತೆ ಆ ಕನಸುಗಳು ಒಟ್ಟಾಗಿ ನುಗ್ಗುತ್ತವೆ. ಆದ್ದರಿಂದ ಮೊದಲು ಬಿಡಬೇಕಾದದ್ದು ಅದನ್ನೇ. ದಿನವೂ ಹೆಚ್ಚು ಕುಡಿಯುವ ಅಭ್ಯಾಸವಿದ್ದರೆ ಮಾತ್ರ ಒಮ್ಮೆಲೇ ನಿಲ್ಲಿಸಬೇಡಿ. ನಡುಕ, ಫಿಟ್ಸ್ ಬರಬಹುದು, ವೈದ್ಯರ ನಿಗಾ ಬೇಕು.

ಕನಸಿಗೆ ಹಗಲಲ್ಲೇ ಕೆಲಸ ಮಾಡಬೇಕು. ತೀರಾ ಘೋರವಲ್ಲದ ಒಂದು ಕನಸನ್ನು ಆರಿಸಿ ಚಿಕ್ಕದಾಗಿ ಬರೆಯಿರಿ. ಆಮೇಲೆ ಅದನ್ನು ನಿಮಗೆ ಬೇಕಾದಂತೆ ಬದಲಿಸಿ: ಆರಂಭವಾದರೂ ಸರಿ, ಕೊನೆಯಾದರೂ ಸರಿ, ತರ್ಕಕ್ಕೆ ಒಪ್ಪಬೇಕೆಂದೇನಿಲ್ಲ. ಬದಲಾದ ರೂಪವನ್ನಷ್ಟೇ ದಿನಕ್ಕೆ 10–20 ನಿಮಿಷ ಕಣ್ಮುಚ್ಚಿ ಚಿತ್ರ ಚಿತ್ರವಾಗಿ ನೋಡಿ. ಹಳೆಯದನ್ನು ಮತ್ತೆ ಓದುತ್ತ ಕೂರಬೇಡಿ. ಕೆಲವು ವಾರ ಹಿಡಿಯುತ್ತದೆ, ಮೂರು ದಿನಕ್ಕೆ ಕೈಬಿಡಬೇಡಿ. ಬೆಚ್ಚಿ ಎದ್ದು 20 ನಿಮಿಷವಾದರೂ ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟು ಮಂದ ಬೆಳಕಿನಲ್ಲಿ ಕುಳಿತಿರಿ, ತೂಕಡಿಕೆ ಬಂದಾಗ ಮರಳಿ.

ಪ್ರಶ್ನೆ: ಅಮ್ಮ ತೀರಿಕೊಂಡು ಎಂಟು ತಿಂಗಳಾಯಿತು. ಒಂದು ದಿನ ನಗುತ್ತೇನೆ, ಮರುದಿನ ಅಳುತ್ತೇನೆ. ನಕ್ಕಾಗ ತಪ್ಪು ಮಾಡಿದಂತೆ ಅನಿಸುತ್ತದೆ.

ಉತ್ತರ: ನಕ್ಕದ್ದು ದ್ರೋಹವಲ್ಲ. ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ ಎಂಬ ಸಂಶೋಧಕರು 1999ರಲ್ಲಿ ವಿವರಿಸಿದ್ದೂ ಇದನ್ನೇ: ದುಃಖಿಸುವವರು ಅಗಲಿಕೆಯ ಕಡೆಗೂ ಬದುಕಿನ ಕಡೆಗೂ ಜೀಕುತ್ತಿರುತ್ತಾರೆ, ಆ ಜೀಕಾಟವೇ ಹೊಂದಿಕೆಯ ದಾರಿ. ಒಂದೇ ಕಡೆ ಸಿಕ್ಕಿಕೊಂಡರೆ ಮಾತ್ರ ಚಿಂತೆ. ವರ್ಷ ಕಳೆದರೂ ಹೆಚ್ಚುಕಡಿಮೆ ಪ್ರತಿದಿನ ತೀವ್ರ ಹಂಬಲ ಕಾಡಿ, ಕೆಲಸ, ಒಡನಾಟ ಯಾವುದೂ ಸಾಗದಿದ್ದರೆ ಅದಕ್ಕೆಂದೇ ಇರುವ ಚಿಕಿತ್ಸೆ ಪಡೆಯಿರಿ.

ಪ್ರಶ್ನೆ: ಗೆಳತಿಯೊಬ್ಬಳು ಮೊನ್ನೆ ದೊಡ್ಡ ಆಘಾತಕ್ಕೆ ಸಿಕ್ಕಿದ್ದಾಳೆ. ಎಲ್ಲವನ್ನೂ ಹೇಳಿಸಿ ಹಗುರ ಮಾಡಬೇಕೇ?

ಉತ್ತರ: ಬೇಡ. ಘಟನೆಯಾದ ಕೂಡಲೇ ಎಲ್ಲವನ್ನೂ ಬಲವಂತವಾಗಿ ಹೇಳಿಸುವ ಕ್ರಮದಿಂದ ಲಾಭವಿಲ್ಲ, ಕೆಲವರಿಗೆ ಹಾನಿಯೇ ಆಗಿದೆ. ಊಟ, ನಿದ್ದೆ, ಜೊತೆಗೊಬ್ಬರು, ಮುಂದಿನ ಎರಡು ದಿನದ ಓಡಾಟ ಇವುಗಳನ್ನು ನೀವು ವಹಿಸಿಕೊಳ್ಳಿ. ತಾನಾಗಿ ಹೇಳಿದರೆ ನಡುವೆ ಬಾಯಿ ಹಾಕದೆ ಕೇಳಿ. ‘ಇಷ್ಟರಲ್ಲೇ ಹೋಯಿತಲ್ಲ’ ಎನ್ನಬೇಡಿ.

ಬದುಕು ಬೇಡವಾದಂತೆ ಮಾತಾಡಿದರೆ ‘ಸಾಯಬೇಕು ಅನಿಸುತ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಂಟಿಯಾಗಿ ಬಿಡಬೇಡಿ, ಅಪಾಯ ತರಬಲ್ಲ ವಸ್ತುಗಳನ್ನು ಮನೆಯಿಂದ ತೆಗೆಸಿ, ಅಂದೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ನೀವೇ ಕರೆದುಕೊಂಡು ಹೋಗಿ.