ಲೈಬ್ರರಿಯ ಬಿಲ್ಡ್ ಟೂಲ್‌ಗಳ ಕನಿಷ್ಠ ವರ್ಷನ್ ಯಾವಾಗ ಏರಿಸಬೇಕು, ಎಷ್ಟು ಏರಿಸಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಕುಂಬಳೆಯಲ್ಲಿ ನಾಲ್ಕು ಜನ ಸೇರಿ ಸಿ ಭಾಷೆಯ ಒಂದು ಸಿಸ್ಟಮ್ ಲೈಬ್ರರಿ ನೋಡಿಕೊಳ್ಳುತ್ತಿದ್ದೀರಿ. ಇನ್‌ಸ್ಟಾಲ್ ಫೈಲಿನಲ್ಲಿ ‘ಜಿಸಿಸಿ 4.8, ಮೇಕ್ 3.79 ಅಥವಾ ಹೊಸದು ಬೇಕು’ ಎಂದಿದೆ. ಜಿಸಿಸಿ ಎಂದರೆ ಸಿ ಕಂಪೈಲರ್, ಮೇಕ್ ಎಂದರೆ ಬಿಲ್ಡ್‌ನ (ಮೂಲ ಕೋಡಿನಿಂದ ಲೈಬ್ರರಿ ತಯಾರಿಸುವ ಕೆಲಸದ) ಹಂತಗಳನ್ನು ನಡೆಸುವ ಟೂಲ್. ಆ ಸಾಲನ್ನು ಯಾರು ಬರೆದರು, ಯಾಕೆ ಬರೆದರು ಎಂದು ಈಗ ಗೊತ್ತಿಲ್ಲ. ಶಾಲೆಯ ಲ್ಯಾಬಿನ ಕೈಟ್ ಗ್ನೂ ಲಿನಕ್ಸ್ (ಕೇರಳದ ಶಾಲೆಗಳ ಲಿನಕ್ಸ್) 22.04ರಲ್ಲಿ ಬಿಲ್ಡ್ ಆಗಬೇಕು, ಮುಂದೆ ಬರುವ ಜಿಸಿಸಿಯಲ್ಲೂ ಆಗಬೇಕು. ಎಷ್ಟಕ್ಕೆ ಏರಿಸಲಿ ಎಂದು ಕೇಳಿದ್ದೀರಿ.

ಮೊದಲು ಒಂದು ಮಾತು. ಬಿಲ್ಡ್ ಮಾಡಿ ನೋಡದ ಸಂಖ್ಯೆಯನ್ನು ಆ ಫೈಲಿನಲ್ಲಿ ಬರೆಯಬೇಡಿ. ಈಗಿರುವ 4.8 ಅಂಥದ್ದೇ. ಅದರಲ್ಲಿ ಕೊನೆಯ ಸಲ ಬಿಲ್ಡ್ ಮಾಡಿದ್ದು ಯಾವಾಗ ಎಂದು ನಿಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಹಾಗಿರುವಾಗ ಅದನ್ನು ನಂಬಿ ಹಳೆಯ ಯಂತ್ರದಲ್ಲಿ ಬಿಲ್ಡ್ ಮಾಡಲು ಹೊರಟವರ ಅರ್ಧ ದಿನ ದಂಡ.

ಗ್ನೂ ಸಿ ಲೈಬ್ರರಿ, ಅಂದರೆ ಜಿಲಿಬ್‌ಸಿ, ಇದಕ್ಕೆ ಒಳ್ಳೆಯ ಮಾದರಿ. ಅಲ್ಲಿ ಒಂದೊಂದು ಟೂಲ್‌ಗೂ ಎರಡು ಸಂಖ್ಯೆ ಇರುತ್ತದೆ: ಇದಕ್ಕಿಂತ ಹಳೆಯದಾದರೆ ಆಗುವುದಿಲ್ಲ ಎಂಬುದು ಒಂದು, ಈ ಬಿಡುಗಡೆಯ ಹೊತ್ತಿಗೆ ಪರೀಕ್ಷಿಸಿದ ಅತಿ ಹೊಸದು ಇದು ಎಂಬುದು ಇನ್ನೊಂದು. ಮೊದಲನೆಯದನ್ನು ಕಾನ್ಫಿಗರ್ ಸ್ಕ್ರಿಪ್ಟ್ (ಯಂತ್ರದಲ್ಲಿ ಏನೇನಿದೆ ಎಂದು ಬಿಲ್ಡ್‌ಗೆ ಮುಂಚೆ ನೋಡುವ ಸ್ಕ್ರಿಪ್ಟ್) ತಪಾಸಣೆ ಮಾಡಿ ತಡೆಯುತ್ತದೆ. ಎರಡನೆಯದು ಬರೀ ಮಾಹಿತಿ, ಯಾರನ್ನೂ ತಡೆಯುವುದಿಲ್ಲ. ಮೊದಲನೆಯದು ಅಪರೂಪಕ್ಕೆ ಬದಲಾಗುತ್ತದೆ: ಜಿಲಿಬ್‌ಸಿ 2.28ರಲ್ಲಿ ಮೇಕ್ 4.0, 2.29ರಲ್ಲಿ ಪೈಥಾನ್ 3.4, 2.30ರಲ್ಲಿ ಜಿಸಿಸಿ 6.2 ಕಡ್ಡಾಯವಾದವು. ಎರಡನೆಯದು ಪ್ರತಿ ಬಿಡುಗಡೆಗೆ ಮುಂಚೆ ನೋಡಬೇಕಾದ ಸಾಲು. ನೀವೂ ಈ ಎರಡನ್ನು ಬೇರೆ ಬೇರೆ ಇಡಿ. ಒಂದೇ ಸಂಖ್ಯೆಯಿಂದ ಎರಡು ಕೆಲಸ ಮಾಡಿಸಲು ಹೋದಲ್ಲೇ ಗೊಂದಲ ಶುರುವಾಗುವುದು.

ಇನ್ನು ಕನಿಷ್ಠ ಎಷ್ಟು? ನಿಮ್ಮ ಬಳಕೆದಾರರ ಕೈಯಲ್ಲಿರುವ ಅತಿ ಹಳೆಯ ಡಿಸ್ಟ್ರೋ (ಲಿನಕ್ಸ್ ವಿತರಣೆ) ಯಾವುದು ಎಂಬುದರಿಂದ ಲೆಕ್ಕ ಹಾಕಿ. ಜಿಸಿಸಿ 4.8ಕ್ಕೆ ಅಂಟಿಕೊಳ್ಳಲು ಬಹಳ ಜನರಿಗಿದ್ದ ಕಾರಣ ಸೆಂಟ್‌ಒಎಸ್ 7. ಅದರಲ್ಲಿ ಇದ್ದದ್ದು 4.8.5, ಮೇಕ್ 3.82. 2024ರ ಜೂನ್ 30ಕ್ಕೆ ಅದರ ಬೆಂಬಲ ಮುಗಿಯಿತು. ಅದರ ನಂತರದ ಮೆಟ್ಟಿಲು ರೆಡ್‌ಹ್ಯಾಟ್ 8ರ ಬಳಗ: ಜಿಸಿಸಿ 8.5, ಮೇಕ್ 4.2.1, ಬಿನ್‌ಯುಟಿಲ್ಸ್ (ಲಿಂಕರ್, ಅಸೆಂಬ್ಲರ್ ಇರುವ ಟೂಲ್‌ಗಳ ಕಟ್ಟು) 2.30. ಇದು 2029ರವರೆಗೆ ಇರುತ್ತದೆ. ಕೈಟ್ 22.04 ಉಬುಂಟು 22.04ರ ಮೇಲೆ ನಿಂತದ್ದು, ಹಾಗಾಗಿ ಲ್ಯಾಬಿನಲ್ಲಿ ನಿಮಗೆ ಸಿಗುವುದು ಜಿಸಿಸಿ 11.4, ಮೇಕ್ 4.3, ಬಿನ್‌ಯುಟಿಲ್ಸ್ 2.38. ಡೆಬಿಯನ್ 12ರಲ್ಲಿ ಜಿಸಿಸಿ 12.2, ಮೇಕ್ 4.3, ಬಿನ್‌ಯುಟಿಲ್ಸ್ 2.40. ರೆಡ್‌ಹ್ಯಾಟ್ 8ರ ಬಳಕೆದಾರರು ನಿಮಗೆ ನಿಜವಾಗಿ ಇದ್ದರೆ ಜಿಸಿಸಿ 8, ಮೇಕ್ 4.2 ಎಂದು ನಿಲ್ಲಿಸಿ. ಇಲ್ಲವಾದರೆ ಜಿಸಿಸಿ 11, ಮೇಕ್ 4.3 ಎಂದು ಬರೆಯುವುದರಲ್ಲಿ ಸಂಕೋಚ ಬೇಡ. ಮುಂದೆ ಯಾರೋ ಬರಬಹುದು ಎಂದು ಹತ್ತು ವರ್ಷ ಹಳೆಯ ಕಂಪೈಲರ್‌ಗಾಗಿ ಸುತ್ತುಬಳಸಿನ ಕೋಡ್ ಹೊತ್ತುಕೊಂಡು ತಿರುಗುವುದು ನಾಲ್ಕು ಜನರ ತಂಡಕ್ಕೆ ಆಗುವ ಕೆಲಸವಲ್ಲ.

ಪರೀಕ್ಷೆಗೆ ಪಾಡ್‌ಮನ್ ಅಥವಾ ಡಾಕರ್ ಸಾಕು. ಬೇರೆ ಡಿಸ್ಟ್ರೋದ ಸಿದ್ಧ ಪ್ರತಿಯನ್ನು (ಇಮೇಜ್) ನಿಮ್ಮ ಯಂತ್ರದಲ್ಲೇ ಪ್ರತ್ಯೇಕವಾಗಿ (ಕಂಟೈನರ್ ಆಗಿ) ಓಡಿಸುವ ಟೂಲ್‌ಗಳು ಇವು. ಒಂದು ವಿಷಯ ಗಮನಿಸಿ: ‘ಜಿಸಿಸಿ 8’ ಎಂಬ ಹೆಸರಿನ ಸಿದ್ಧ ಇಮೇಜ್ ಎಳೆದರೆ ಕಂಪೈಲರ್ ಮಾತ್ರ ಆ ವರ್ಷನ್‌ನದ್ದು. ಲಿಂಕರ್, ಅಸೆಂಬ್ಲರ್, ಮೇಕ್ ಎಲ್ಲ ಆ ಇಮೇಜ್‌ನ ತಳದಲ್ಲಿರುವ ಡೆಬಿಯನ್‌ನವು. ಅದರಲ್ಲಿ ಬಿಲ್ಡ್ ಆಯಿತೆಂದು ಬಿನ್‌ಯುಟಿಲ್ಸ್ 2.30 ಸಾಕು ಎಂದು ಬರೆಯಲಾಗದು. ಅದಕ್ಕೆ ರೆಡ್‌ಹ್ಯಾಟ್ 8ರ ಬಳಗದ ಆಲ್ಮಾಲಿನಕ್ಸ್ 8ರ ಇಮೇಜ್‌ನಲ್ಲೇ ಬಿಲ್ಡ್ ಮಾಡಬೇಕು, ಲೈಬ್ರರಿಯ ಪರೀಕ್ಷೆಗಳನ್ನು ಓಡಿಸುವ ‘ಮೇಕ್ ಚೆಕ್’ ಕೂಡ ಪಾಸಾಗಬೇಕು.

ಈಗ ಅತಿ ಹೆಚ್ಚು ತಪ್ಪಾಗುವ ಜಾಗಕ್ಕೆ ಬರೋಣ: ವರ್ಷನ್ ತಪಾಸಣೆಯ ಪ್ಯಾಟರ್ನ್. ಹಳೆಯ ಕಾನ್ಫಿಗರ್ ಫೈಲ್‌ಗಳಲ್ಲಿ ಜಿಸಿಸಿಗೆ ಹೀಗೆ ಬರೆದಿರುತ್ತದೆ:

4.[3-9]* | [5-9].*

ಜಿಸಿಸಿ 9ರವರೆಗೆ ಎಲ್ಲ ಸರಿ. 10.1.0 ಬಂದಾಗ? ಮೊದಲ ಅಂಕಿ 1. ಅದು 4ಕ್ಕೂ ಹೊಂದುವುದಿಲ್ಲ, 5ರಿಂದ 9ರೊಳಗೂ ಬರುವುದಿಲ್ಲ. ಅಂದಿನ ಅತಿ ಹೊಸ ಕಂಪೈಲರ್‌ಗೆ ‘ತೀರಾ ಹಳೆಯದು’ ಎಂದು ಹೇಳಿ ಸ್ಕ್ರಿಪ್ಟ್ ನಿಂತುಬಿಡುತ್ತದೆ. ಮೇಕ್‌ಗೂ ಇದೇ ಆಗಿತ್ತು. ಜಿಲಿಬ್‌ಸಿಯ ಹಳೆಯ ಮೂಲದಲ್ಲಿ ಇದ್ದದ್ದು ‘3.79* | 3.[89]*’. 2013ರ ಅಕ್ಟೋಬರಿನಲ್ಲಿ ಮೇಕ್ 4.0 ಬಂದಾಗ ಅದು ಹೊರಗೆ ಉಳಿಯಿತು, ಆಮೇಲೆ ‘[4-9].*’ ಸೇರಿಸಬೇಕಾಯಿತು. ಬಿನ್‌ಯುಟಿಲ್ಸ್‌ನ 2.9, 2.10 ಇವುಗಳಲ್ಲೂ ಇದೇ ಬಲೆ. ಅಕ್ಷರಗಳಾಗಿ ಹೋಲಿಸಿದರೆ 2.9 ದೊಡ್ಡದು, ವರ್ಷನ್ ಆಗಿ ಹೋಲಿಸಿದರೆ 2.10 ದೊಡ್ಡದು.

ಕಂಪೈಲರ್‌ಗೆ ಪ್ಯಾಟರ್ನ್ ಬಿಟ್ಟೇಬಿಡಿ. ನಾಲ್ಕು ಸಾಲಿನ ಸಿ ಕೋಡನ್ನು ಕಂಪೈಲ್ ಮಾಡಿಸಿ, ಅದರೊಳಗೆ ಕಂಪೈಲರ್ ತನ್ನ ಮುಖ್ಯ ವರ್ಷನ್ ಸಂಖ್ಯೆ ಹೇಳುವ ‘__ಗ್ನೂಸಿ__’ ಮ್ಯಾಕ್ರೋ 11ಕ್ಕಿಂತ ಕಡಿಮೆಯಾದರೆ ಎರರ್ ಬರುವಂತೆ ಮಾಡಿ (ನಿಜವಾದ ಮ್ಯಾಕ್ರೋ ಹೆಸರು ಇಂಗ್ಲಿಷ್ ದೊಡ್ಡಕ್ಷರದಲ್ಲಿ). ಜಿಲಿಬ್‌ಸಿಯಲ್ಲೂ ಹೀಗೇ ಮಾಡುತ್ತಾರೆ. ಅಂಕಿಯಾಗಿ ಹೋಲಿಕೆ ಆಗುವುದರಿಂದ 10 ಬಂದರೂ 20 ಬಂದರೂ ತೊಂದರೆ ಇಲ್ಲ. ಇನ್ನೊಂದು ಸಿ ಕಂಪೈಲರ್ ಆದ ಕ್ಲ್ಯಾಂಗ್‌ಗೆ ಮಾತ್ರ ಬೇರೆ ದಾರಿ ಇಡಬೇಕು, ಏಕೆಂದರೆ ಆ ಮ್ಯಾಕ್ರೋದಲ್ಲಿ ಅದು ತನ್ನನ್ನು 4.2 ಎಂದು ಹೇಳಿಕೊಳ್ಳುತ್ತದೆ. ವರ್ಷನ್ ಸಂಖ್ಯೆಯೇ ಬೇಕಿದ್ದರೆ ‘-ಡಂಪ್‌ವರ್ಷನ್’ ಸಾಲದು: ಡೆಬಿಯನ್, ಉಬುಂಟುಗಳಲ್ಲಿ ಅದು ‘12’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಜಿಸಿಸಿ 7ರಿಂದ ಈಚೆಗೆ ‘-ಡಂಪ್‌ಫುಲ್‌ವರ್ಷನ್’ ಇದೆ, ಅದನ್ನು ಬಳಸಿ. ‘--ವರ್ಷನ್’ ಸಾಲಿನಿಂದ ಅಂಕಿ ಹೆಕ್ಕಲು ಹೋದರೆ ಉಬುಂಟುವಿನಲ್ಲಿ ಬ್ರಾಕೆಟ್ ಒಳಗಿನ ‘22.04’ ಕೂಡ ಕೈಗೆ ಸಿಗುತ್ತದೆ.

ಸಂಖ್ಯೆ ಒಂದೇ ಸಾಲದ ಸಂದರ್ಭಗಳೂ ಇವೆ. ಪವರ್‌ಪಿಸಿ 64 ಲಿಟಲ್ ಎಂಡಿಯನ್ ಎಂಬ ಪ್ರೊಸೆಸರ್ ಬಗೆಗೆ ಜಿಲಿಬ್‌ಸಿಯ ಸೂಚನೆಯಲ್ಲಿ ಹಿಂದೆ ಜಿಸಿಸಿ 7.4 ಅಥವಾ ಹೊಸದು, ಆದರೆ 7.5.0 ಆಗದು ಎಂದು ಬರೆದಿದ್ದರು. ಆ ಒಂದು ಬಿಡುಗಡೆಯಲ್ಲಿ ಒಂದು ದೋಷವಿತ್ತು. ಇಂಥದ್ದು ನಿಮಗೆ ಸಿಕ್ಕಿದರೆ ಕನಿಷ್ಠವನ್ನು ಎಲ್ಲರಿಗೂ ಏರಿಸಬೇಡಿ. ಆ ಆರ್ಕಿಟೆಕ್ಚರ್‌ಗೆ ಮಾತ್ರ ಪ್ರತ್ಯೇಕ ಸಾಲು ಬರೆದು, ದೋಷದ ಸಂಖ್ಯೆಯನ್ನು ಪಕ್ಕದಲ್ಲೇ ಕೊಡಿ.

ಕಾನ್ಫಿಗರ್ ಸ್ಕ್ರಿಪ್ಟ್ ತಯಾರಿಸುವ ಟೂಲ್ ಆದ ಆಟೋಕಾನ್ಫ್‌ನ ಕಥೆ ಬೇರೆ. ಅದಕ್ಕೆ ಕನಿಷ್ಠ ಬೇಡ, ಒಂದೇ ನಿಗದಿತ ವರ್ಷನ್ ಇಡಿ. ಒಬ್ಬರು 2.69ರಲ್ಲಿ, ಇನ್ನೊಬ್ಬರು 2.71ರಲ್ಲಿ ಕಾನ್ಫಿಗರ್ ಫೈಲನ್ನು ಹೊಸದಾಗಿ ತಯಾರಿಸಿದರೆ ಒಂದು ಸಾಲಿನ ಬದಲಾವಣೆಗೆ ಸಾವಿರಾರು ಸಾಲಿನ ಡಿಫ್ (ವ್ಯತ್ಯಾಸದ ಪಟ್ಟಿ) ಬರುತ್ತದೆ, ರಿವ್ಯೂ ಮಾಡುವವರಿಗೆ ಅದರಲ್ಲಿ ಏನೂ ಕಾಣದು. ಲ್ಯಾಬಿನ ಕೈಟ್‌ನಲ್ಲೂ ಡೆಬಿಯನ್ 12ರಲ್ಲೂ ಇರುವುದು 2.71. ಅದನ್ನೇ ನಿಗದಿ ಮಾಡಿ.

ಹೊಸ ತುದಿಯಲ್ಲಿ ಮುರಿಯುವುದು ಹೆಚ್ಚಾಗಿ ನಿಮ್ಮ ಸ್ವಂತ ಕೋಡ್. ಜಿಸಿಸಿ 10 ಹೆಡರ್‌ನಲ್ಲಿ ‘ಎಕ್ಸ್‌ಟರ್ನ್’ ಇಲ್ಲದೆ ಘೋಷಿಸಿದ ಗ್ಲೋಬಲ್ ವೇರಿಯೇಬಲ್‌ಗಳನ್ನು ಲಿಂಕ್ ಹಂತದಲ್ಲಿ ಹಿಡಿಯಿತು. ಜಿಸಿಸಿ 15 ಸಿ23ನ್ನು ಡೀಫಾಲ್ಟ್ ಮಾಡಿತು, ಹಾಗಾಗಿ ಖಾಲಿ ಕಂಸದ ಫಂಕ್ಷನ್ ಘೋಷಣೆಗೆ ‘ಆರ್ಗ್ಯುಮೆಂಟ್ ಇಲ್ಲ’ ಎಂಬ ಅರ್ಥ ಬಂತು, ‘ಬೂಲ್’ ಕೀವರ್ಡ್ ಆಯಿತು. ಇವೆರಡರಲ್ಲಿ ಬಿಲ್ಡ್ ನಿಲ್ಲುತ್ತದೆ, ಕಣ್ಣಿಗೆ ಬೀಳುತ್ತದೆ. ನನಗೆ ಹೆಚ್ಚು ಹೆದರಿಕೆ ಜಿಸಿಸಿ 14 ತಂದ ಬದಲಾವಣೆಯದ್ದು. ಘೋಷಿಸದೆ ಕರೆದ ಫಂಕ್ಷನ್ ಅದರಲ್ಲಿ ಎಚ್ಚರಿಕೆ ಅಲ್ಲ, ಎರರ್. ಕಾನ್ಫಿಗರ್‌ನ ಒಂದು ಪುಟ್ಟ ಪರೀಕ್ಷೆಯಲ್ಲಿ ಹೆಡರ್ ಸೇರಿಸಲು ಮರೆತಿದ್ದರೆ ಪರೀಕ್ಷೆ ಕಂಪೈಲ್ ಆಗದೆ ‘ಇಲ್ಲ’ ಎಂಬ ಉತ್ತರ ಬರುತ್ತದೆ, ಬಿಲ್ಡ್ ಸುಗಮವಾಗಿ ಮುಗಿಯುತ್ತದೆ, ಲೈಬ್ರರಿಯ ಒಂದು ಸೌಲಭ್ಯ ಸದ್ದಿಲ್ಲದೆ ಕಳೆದುಹೋಗಿರುತ್ತದೆ. ಆದ್ದರಿಂದ ‘ಹೊಸ ವರ್ಷನ್‌ನಲ್ಲಿ ಪರೀಕ್ಷಿಸಿದೆ’ ಎಂದು ಬರೆಯುವ ಮುನ್ನ ಹಳೆಯ ಮತ್ತು ಹೊಸ ಕಂಪೈಲರ್ ಎರಡರಲ್ಲೂ ಕಾನ್ಫಿಗರ್ ಓಡಿಸಿ, ಪರೀಕ್ಷೆಗಳ ಉತ್ತರ ಇರುವ ‘ಕಾನ್ಫಿಗ್.ಎಚ್’ ಫೈಲ್‌ಗಳು ಎರಡು ಹುಟ್ಟುತ್ತವೆ, ಅವನ್ನು ಡಿಫ್ ಮಾಡಿ. ಒಂದು ಸಾಲು ವ್ಯತ್ಯಾಸ ಬಂದರೂ ‘ಕಾನ್ಫಿಗ್.ಲಾಗ್’ ತೆರೆದು ಕಾರಣ ಹುಡುಕಿ.

ಮೇಕ್ 4.4 ಸಿಕ್ಕಿದರೆ ಹಂತಗಳ ಕ್ರಮವನ್ನು ಕಲಸುವ ‘--ಶಫಲ್’ ಹಾಕಿ ಐದಾರು ಸಲ ಬಿಲ್ಡ್ ಮಾಡಿ. ಮೇಕ್‌ಫೈಲ್‌ನಲ್ಲಿ ಬರೆಯದೆ ಬಿಟ್ಟ ಅವಲಂಬನೆಗಳು ಹೊರಬೀಳುತ್ತವೆ.

ಯಾವಾಗ ಮಾಡುವುದು? ಜಿಸಿಸಿಯ ದೊಡ್ಡ ಬಿಡುಗಡೆ ವರ್ಷಕ್ಕೊಂದು, ಏಪ್ರಿಲ್-ಮೇ ಹೊತ್ತಿಗೆ. ಬಿನ್‌ಯುಟಿಲ್ಸ್ ಮತ್ತು ಜಿಲಿಬ್‌ಸಿ ವರ್ಷಕ್ಕೆ ಎರಡು ಸಲ, ಫೆಬ್ರವರಿ ಮತ್ತು ಆಗಸ್ಟಿನ ಆಸುಪಾಸು. ನೀವು ಜೂನ್ ಮೊದಲ ವಾರ ಒಮ್ಮೆ, ಫೆಬ್ರವರಿ ಕೊನೆಗೆ ಒಮ್ಮೆ ನೋಡಿದರೆ ಸಾಕು. ಆಗಸ್ಟಿಗೆ ಇಟ್ಟುಕೊಳ್ಳಬೇಡಿ: ಆಟಿ ತಿಂಗಳ ಮಳೆಯಲ್ಲಿ ನಮ್ಮ ಕಡೆ ಕರೆಂಟಿನ ಅವಸ್ಥೆ ನಿಮಗೇ ಗೊತ್ತು, ನಾಲ್ಕು ಕಂಟೈನರ್‌ನ ಟೆಸ್ಟ್ ನಡುವೆ ನಿಂತರೆ ಮತ್ತೆ ಮೊದಲಿನಿಂದ ಓಡಿಸಬೇಕು. ಇಮೇಜ್‌ಗಳನ್ನು ಹಿಂದಿನ ರಾತ್ರಿಯೇ ಎಳೆದಿಟ್ಟುಕೊಳ್ಳಿ.

ಬದಲಾವಣೆಯನ್ನು ಎರಡು ಕಮಿಟ್ ಆಗಿ (ಎರಡು ಬೇರೆ ದಾಖಲೆಯಾಗಿ) ಮಾಡಿ. ಮೊದಲನೆಯದರಲ್ಲಿ ಕಾನ್ಫಿಗರ್.ಎಸಿ, ಅದರಿಂದ ತಯಾರಾದ ಕಾನ್ಫಿಗರ್, ಇನ್‌ಸ್ಟಾಲ್ ಫೈಲ್, ಸುದ್ದಿ ಫೈಲ್ ನಾಲ್ಕೂ ಒಟ್ಟಿಗೆ ಬದಲಾಗಲಿ, ಸಂದೇಶದಲ್ಲಿ ಯಾವ ಡಿಸ್ಟ್ರೋದಲ್ಲಿ ಪರೀಕ್ಷಿಸಿದ್ದು, ಯಾವ ಕಾರಣಕ್ಕೆ ಏರಿಸಿದ್ದು ಎಂಬುದು ಇರಲಿ. ಹಳೆಯ ಕಂಪೈಲರ್‌ಗಾಗಿ ಇಟ್ಟಿದ್ದ ಸುತ್ತುಬಳಸಿನ ಕೋಡನ್ನು ಎರಡನೆಯ ಕಮಿಟ್‌ನಲ್ಲಿ ತೆಗೆಯಿರಿ. ಯಾರಾದರೂ ಹಳೆಯ ಯಂತ್ರದವರು ದೂರು ತಂದು ನೀವು ಮಿತಿಯನ್ನು ಇಳಿಸಬೇಕಾಗಿ ಬಂದರೆ, ಮೊದಲು ಎರಡನೆಯದನ್ನು, ಆಮೇಲೆ ಮೊದಲನೆಯದನ್ನು ರಿವರ್ಟ್ ಮಾಡಿದರೆ ಕೆಲಸ ಮುಗಿಯುತ್ತದೆ.